ಮಗ್ಗದೂರಿನ ಶಾಲೆಯಲ್ಲಿ ತಂತ್ರಜ್ಞಾನ: ಐವತ್ತು ವರ್ಷಗಳ ಪಾಠ

ಬನಹಟ್ಟಿ: ಬೆಳಗಾಗುತ್ತಿದ್ದಂತೆಯೇ ಮಗ್ಗದ ಸದ್ದು ಆರಂಭವಾಗುವ ಊರು ಇದು. ನೇಕಾರ ಕುಟುಂಬದಲ್ಲಿ ತಂದೆ ಮಗ್ಗದ ಮುಂದೆ ಕುಳಿತರೆ ತಾಯಿ ಕಂಡಿಕೆ ಸುತ್ತುತ್ತಾಳೆ. ಇಂಥ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೂ ಅದು ಮೊದಲು ದುಡಿಮೆಯ ಸಾಧನ. ನೂಲಿನ ವ್ಯಾಪಾರಿಯ ಕರೆ, ಸೀರೆಯ ಬಣ್ಣದ ಚಿತ್ರ, ಕೂಲಿ ಹಣದ ಸಂದೇಶ ಎಲ್ಲವೂ ಅದೇ ಫೋನಿಗೆ ಬರಬೇಕು. ಮೂರನೇ ತರಗತಿಯ ಮಗುವಿನ ಪಾಠಕ್ಕೆ ಆ ಫೋನು ಸಿಗುವುದು ರಾತ್ರಿ, ಅದೂ ಮಗುವಿಗೆ ನಿದ್ದೆ ಬರುವ ಹೊತ್ತಿಗೆ.

ಪ್ರಾಥಮಿಕ ಶಾಲೆಯಲ್ಲಿ ತಂತ್ರಜ್ಞಾನದ ಬಳಕೆಯ ಕುರಿತು ನಡೆಯುವ ಬಹುಪಾಲು ಚರ್ಚೆಗಳು ಈ ಸರಳ ಸಂಗತಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಯಾವ ಉಪಕರಣ ಹೊಸದು, ಯಾವುದು ಅಗ್ಗ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ವಾಸ್ತವದಲ್ಲಿ ಈ ಭಾಗದ ಶಾಲೆಗಳಿಗೆ ಯಂತ್ರ ಹೊಸತೇನೂ ಅಲ್ಲ. ಟಿ.ವಿ., ರೇಡಿಯೋ, ಕಂಪ್ಯೂಟರ್, ಉಪಗ್ರಹ, ಮೊಬೈಲ್ ಹೀಗೆ ಒಂದರ ಹಿಂದೆ ಒಂದು ಸಾಧನ ಐವತ್ತು ವರ್ಷಗಳಿಂದ ಕರ್ನಾಟಕದ ತರಗತಿಯ ಬಾಗಿಲು ತಟ್ಟಿವೆ. ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಏಕೆ ನಿಂತುಹೋಯಿತು ಎಂಬುದನ್ನು ತಿಳಿದರೆ ಇಂದಿನ ನಿರ್ಧಾರಗಳು ಸುಲಭವಾಗುತ್ತವೆ.

ಆಕಾಶದಿಂದ ಬಂದ ಮೊದಲ ಪಾಠ

1975ರ ಆಗಸ್ಟ್ 1ರಂದು ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಒದಗಿಸಿತ್ತು. ಇಸ್ರೋ ಮತ್ತು ಆಕಾಶವಾಣಿ ಈ ಪ್ರಯೋಗದ ಹೊಣೆ ಹೊತ್ತವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು. ಬನಹಟ್ಟಿ ಆಗ ವಿಜಾಪುರ ಜಿಲ್ಲೆಯ ಜಮಖಂಡಿ ತಾಲ್ಲೂಕಿಗೆ ಸೇರಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ರಾಜಧಾನಿ ಬೆಂಗಳೂರಿನ ಮನೆಗಳಿಗೆ ಟಿ.ವಿ. ಬರುವ ಮೊದಲೇ ಈ ಮೂರು ಹಿಂದುಳಿದ ಜಿಲ್ಲೆಗಳ ಹಳ್ಳಿ ಶಾಲೆಗಳು ಟಿ.ವಿ. ಕಂಡಿದ್ದವು ಎಂಬುದು ಇಂದು ಅನೇಕರಿಗೆ ಮರೆತುಹೋಗಿದೆ.

ಕಬ್ಬಿಣದ ಬಲೆಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ಬುಟ್ಟಿಯಾಕಾರದ ಆಂಟೆನಾ ಉಪಗ್ರಹದ ಸಂಕೇತಗಳನ್ನು ನೇರವಾಗಿ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆಯ ವೇಳೆಯಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ಪ್ರತಿ ಭಾಷೆಗೂ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ. ಸಂಜೆ ಊರಿನವರಿಗೆ ಕೃಷಿ, ಆರೋಗ್ಯ, ಮನರಂಜನೆ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಮಕ್ಕಳಿಗಷ್ಟೇ ಅಲ್ಲ, ದೇಶದ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೂ ವಿಜ್ಞಾನ ಬೋಧನೆಯ ತರಬೇತಿಯನ್ನು ಇದೇ ಜಾಲದ ಮೂಲಕ ನೀಡಲಾಯಿತು.

ಪ್ರಯೋಗದ ಅನಂತರ ನಡೆದ ಅಧ್ಯಯನಗಳು ಹೇಳಿದ್ದೇನು? ಟಿ.ವಿ. ನೋಡಿದ ಮಕ್ಕಳ ಭಾಷಾ ಬೆಳವಣಿಗೆಯಲ್ಲಿ ಸುಧಾರಣೆ ಕಂಡುಬಂದಿತು. ಆದರೆ ಶಾಲೆಯ ಹಾಜರಾತಿಯ ಮೇಲಾಗಲಿ, ಮಧ್ಯದಲ್ಲಿ ಶಾಲೆ ಬಿಡುವ ಮಕ್ಕಳ ಸಂಖ್ಯೆಯ ಮೇಲಾಗಲಿ ಅದರ ಪರಿಣಾಮ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮಗು ಶಾಲೆಗೆ ಬಾರದಿರುವುದು ಮನೆಯಲ್ಲಿ ಕೆಲಸವಿರುವುದರಿಂದ, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದುದರಿಂದ. ಟಿ.ವಿ. ಪೆಟ್ಟಿಗೆ ಆ ಕೆಲಸವನ್ನು ಮಾಡಿಕೊಡುವುದಿಲ್ಲ.

1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿಯಿತು, ಉಪಗ್ರಹವನ್ನು ಹಿಂದಕ್ಕೆ ಸರಿಸಲಾಯಿತು. ಪ್ರಯೋಗ ಯಶಸ್ವಿ ಎಂದು ಜಗತ್ತು ಕೊಂಡಾಡಿದ್ದೇನೋ ನಿಜ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ತಲೆಯೆತ್ತಿತು. ಆದರೆ ಆ ಕೇಂದ್ರದ ಅಲೆಗಳು ತಲುಪದ ದೂರದ ಹಳ್ಳಿಯ ಶಾಲೆಯಲ್ಲಿ ಮರುದಿನ ಉಳಿದದ್ದು ಕಪ್ಪುಹಲಗೆ ಮತ್ತು ಮೇಷ್ಟ್ರು ಮಾತ್ರ. ಬೇರೆಯವರ ಸಾಧನವನ್ನು ನೆಚ್ಚಿದ ಪಾಠ ಆ ಸಾಧನದೊಂದಿಗೇ ಹೊರಟುಹೋಗುತ್ತದೆ ಎಂಬುದು ಅಂದೇ ಸಿಕ್ಕ ಮೊದಲ ಎಚ್ಚರಿಕೆ.

ರೇಡಿಯೋ ಕಲಿಸಿದ ಗುಟ್ಟು

2000ರ ದಶಕದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಆಕಾಶವಾಣಿಯ ಮೂಲಕ 'ಕೇಳಿ-ಕಲಿ', 'ಚಿಣ್ಣರ ಚುಕ್ಕಿ', 'ಚುಕ್ಕಿ ಚಿಣ್ಣ' ಎಂಬ ಪಾಠ ಸರಣಿಗಳನ್ನು ಪ್ರಸಾರ ಮಾಡಿತು. ಅಂದು ಪ್ರಾಥಮಿಕ ಶಾಲೆಯಲ್ಲಿದ್ದ ಅನೇಕರಿಗೆ ಆ ಹಾಡುಗಳು ಇಂದಿಗೂ ನೆನಪಿವೆ.

ಇವುಗಳ ಹಿಂದಿದ್ದ ಕ್ರಮ ಗಮನಾರ್ಹವಾದುದು. ಸಾಮಾನ್ಯ ಭಾಷಣದಂತೆ ರೇಡಿಯೋ ಒಂದೇ ಸಮನೆ ಮಾತನಾಡುವುದಿಲ್ಲ. ಪಾತ್ರವೊಂದು ಪ್ರಶ್ನೆ ಕೇಳುತ್ತದೆ, ಬಳಿಕ ಕೆಲವು ಕ್ಷಣ ಮೌನ ಅಥವಾ ಸಂಗೀತ. ಆ ಬಿಡುವಿನಲ್ಲಿ ತರಗತಿಯ ಮಕ್ಕಳು ಗಟ್ಟಿಯಾಗಿ ಉತ್ತರಿಸಬೇಕು, ಎದ್ದು ನಿಲ್ಲಬೇಕು, ಕಲ್ಲು ಎಣಿಸಬೇಕು, ಗೆಳೆಯನ ಕೈಹಿಡಿದು ಕುಣಿಯಬೇಕು. ಅನಂತರ ರೇಡಿಯೋ ಸರಿಯುತ್ತರ ಹೇಳುತ್ತದೆ. ಈ ವೇಳೆ ಶಿಕ್ಷಕರು ಹೊರಗೆ ಹೋಗುವಂತಿಲ್ಲ. ಗುಂಪು ಮಾಡುವವರು, ಹಿಂದೆ ಕುಳಿತ ಮಗುವನ್ನು ಮುಂದಕ್ಕೆ ಕರೆಯುವವರು, ಪಾಠದ ಅನಂತರ ಮತ್ತೆ ಕೇಳುವವರು ಅವರೇ.

ಒಂದು ಟ್ರಾನ್ಸಿಸ್ಟರ್ ಮತ್ತು ಎರಡು ಸೆಲ್ಲುಗಳಿಂದ ಇಡೀ ತರಗತಿ ಕಲಿಯುವಂತಾದದ್ದು ಈ ಬಿಡುವಿನಿಂದ. ಸಾಧನ ಮಾತನಾಡುವುದಕ್ಕಿಂತ ಮಗು ಮಾತನಾಡುವುದು ಮುಖ್ಯ ಎಂಬ ತತ್ವ ಅದರಲ್ಲಿ ಅಡಗಿತ್ತು. ಇಂದು ಸ್ಮಾರ್ಟ್ ಬೋರ್ಡಿನ ಮೇಲೆ ಓಡುವ ಎಷ್ಟೋ ವಿಡಿಯೋಗಳಲ್ಲಿ ಈ ಬಿಡುವೇ ಇಲ್ಲ. ಮಕ್ಕಳು ಮೌನವಾಗಿ ನೋಡುತ್ತಾರೆ, ಗಂಟೆ ಬಾರಿಸುತ್ತದೆ. ಆದರೆ ಶಿಕ್ಷಕರು ಬಯಸಿದರೆ ಅದೇ ವಿಡಿಯೋವನ್ನು ಮೂರು ಕಡೆ ನಿಲ್ಲಿಸಿ 'ಮುಂದೇನಾಗುತ್ತದೆ?' ಎಂದು ಕೇಳಬಹುದು. ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.

ಕಂಪ್ಯೂಟರ್ ಕೋಣೆ ಮತ್ತು ಎಜುಸ್ಯಾಟ್

ಇದೇ ಅವಧಿಯಲ್ಲಿ ಕರ್ನಾಟಕದ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಕಂಪ್ಯೂಟರ್‌ಗಳೂ ಬಂದವು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದ ಜೊತೆಗೂಡಿ ಕಂಪ್ಯೂಟರ್ ಆಧಾರಿತ ಕಲಿಕಾ ಕೇಂದ್ರಗಳನ್ನು ರೂಪಿಸಿತು. ಪಠ್ಯಕ್ಕೆ ಹೊಂದುವ ಆಟ ಮತ್ತು ಕಥೆಗಳ ಸಿ.ಡಿ.ಗಳನ್ನು ಕನ್ನಡದಲ್ಲಿಯೂ ಹೊರತಂದಿತು. ಒಂದು ಕಂಪ್ಯೂಟರ್ ಮುಂದೆ ಕೆಲವು ಮಕ್ಕಳು ಒಟ್ಟಿಗೆ ಕುಳಿತು ಕಲಿಯುವುದು ಈ ಕ್ರಮ.

2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟದಿಂದ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹವಿದು. ಈ ಬಾರಿ ಉಪಗ್ರಹ ನಮ್ಮದೇ ಆಗಿತ್ತು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಇದರ ಮೂಲಕ ಪಾಠಗಳು ತಲುಪಿದವು.

ಆದರೆ ಎರಡೂ ಪ್ರಯತ್ನಗಳು ನೆಲದ ಮೇಲಿನ ತೊಡಕುಗಳನ್ನು ಬಯಲಿಗೆ ತಂದವು. ಪಾಠ ಪ್ರಸಾರವಾಗುವ ಗಂಟೆಗೆ ಸರಿಯಾಗಿ ವಿದ್ಯುತ್ ಇರಬೇಕು. ಬ್ಯಾಟರಿ ಸತ್ತರೆ ಹೊಸದು ತರಲು ಯಾವ ಲೆಕ್ಕದಿಂದ ಹಣ ಎಂಬುದು ಮುಖ್ಯೋಪಾಧ್ಯಾಯರಿಗೆ ತಿಳಿದಿರಬೇಕು. ಇಲಿ ಕಡಿದ ತಂತಿಯನ್ನು ಸರಿಪಡಿಸುವವರು ಹತ್ತಿರದ ಪಟ್ಟಣದಲ್ಲಾದರೂ ಸಿಗಬೇಕು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವ ಶಾಲೆಯಲ್ಲಿ ನಾಲ್ಕನೇ ತರಗತಿಯ ಪ್ರಸಾರದ ವೇಳೆ ಮೂರನೆಯವರು ಏನು ಮಾಡಬೇಕು ಎಂಬುದಕ್ಕೂ ಉತ್ತರ ಬೇಕು. ಎಜುಸ್ಯಾಟ್ 2010ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಖರೀದಿಯ ವರ್ಷದಲ್ಲಿ ಹಣ ದೊರೆತು ದುರಸ್ತಿಯ ವರ್ಷದಲ್ಲಿ ದೊರೆಯದಿದ್ದರೆ ಯಂತ್ರ ಕೋಣೆಯ ಮೂಲೆ ಸೇರುತ್ತದೆ. ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ಕೊಳ್ಳುವಾಗಲೇ ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರು ಅವರು.

ರಾಜ್ಯ ಸರ್ಕಾರ 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರನ್ನು ಉಚಿತವಾಗಿ ಒದಗಿಸುವುದಾಗಿ ಘೋಷಿಸಿತು. ಬಿಲ್ಲಿನ ಚಿಂತೆ ಇದರಿಂದ ಕಡಿಮೆಯಾಗುವುದಾದರೂ ದುರಸ್ತಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಯಂತ್ರವಿಲ್ಲದ ತಂತ್ರ

ಕರ್ನಾಟಕದ ಪ್ರಾಥಮಿಕ ಶಿಕ್ಷಣದಲ್ಲಿ ಬಹುಕಾಲ ಉಳಿದು ರಾಜ್ಯಾದ್ಯಂತ ಹಬ್ಬಿದ ಹೊಸತನ ಯಾವುದೆಂದು ಕೇಳಿದರೆ ಅದು ಯಂತ್ರವಲ್ಲ, ಕಾರ್ಡು. ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಆಂಧ್ರದ ರಿಷಿವ್ಯಾಲಿ ಶಾಲೆಗಳ ಕ್ರಮದಿಂದ ಪ್ರೇರಣೆ ಪಡೆದಿತ್ತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ಇದರಲ್ಲಿ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆಯಲಾಗುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನಿರುವ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ. ಹಂಗಾಮಿಗೆ ಕೆಲಸಕ್ಕೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಇಂದು ದುಬಾರಿ ಆಪ್‌ಗಳು 'ಪ್ರತಿ ಮಗುವಿಗೂ ಅದರದೇ ವೇಗ' ಎಂದು ಜಾಹೀರಾತು ನೀಡುವುದು ಇದನ್ನೇ. ಹೀಗಾಗಿ ಹೊಸ ಆನ್‌ಲೈನ್ ಸಾಧನವನ್ನು ಅಳೆಯಲು ಶಿಕ್ಷಕರ ಕೈಯಲ್ಲಿ ಒಂದು ಅಳತೆಗೋಲು ಈಗಾಗಲೇ ಇದೆ. ಕಾರ್ಡಿನಿಂದ ಆಗುವುದಕ್ಕಿಂತ ಹೆಚ್ಚಿನದನ್ನು ಆ ಸಾಧನ ಮಾಡುತ್ತದೆಯೇ ಎಂದು ಕೇಳಿದರೆ ಸಾಕು.

ಬಾಗಿಲು ಮುಚ್ಚಿದ ವರ್ಷ

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ಚರ್ಚೆಯ ವಿಷಯವಾಗಿ ಉಳಿಯಲಿಲ್ಲ, ಪ್ರತಿ ಮನೆಯ ಸಂಕಟವಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಮೊದಲಿಗೆ ಪ್ರೌಢಶಾಲೆಯವರಿಗೆ ಬಂದವು, ಬಳಿಕ ಕೆಳ ತರಗತಿಗಳಿಗೂ ವಿಸ್ತರಿಸಿದವು. 2020ರ ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ'ದಲ್ಲಿ ಶಿಕ್ಷಕರೇ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಸಣ್ಣ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಶಾಲಾ ಆವರಣದಲ್ಲಿ ಮತ್ತೆ ಆರಂಭವಾಯಿತು.

ಆ ಕಾಲದ ಅಂಕಿಅಂಶಗಳು ಕಣ್ತೆರೆಸುವಂತಿವೆ. ಗ್ರಾಮೀಣ ಭಾರತದ ಕುರಿತ 'ಅಸರ್' ಸಮೀಕ್ಷೆಗಳ ಪ್ರಕಾರ ಶಾಲೆಗೆ ಹೋಗುವ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ 2018ರಲ್ಲಿ ಶೇ. 36.5ರಷ್ಟಿತ್ತು. 2020ರಲ್ಲಿ ಅದು ಶೇ. 61.8ಕ್ಕೆ, 2021ರಲ್ಲಿ ಶೇ. 67.6ಕ್ಕೆ ಏರಿತು. ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಆದರೆ 2021ರಲ್ಲಿ ಮನೆಯಲ್ಲಿ ಫೋನ್ ಇದ್ದ ಮಕ್ಕಳಲ್ಲಿಯೂ ಕಾಲು ಭಾಗಕ್ಕಿಂತ ಹೆಚ್ಚಿನವರಿಗೆ ಕಲಿಕೆಗಾಗಿ ಅದು ಸಿಗುತ್ತಲೇ ಇರಲಿಲ್ಲ. ಮನೆಗೆ ಫೋನ್ ಬಂದಿದೆ ಎಂಬುದಕ್ಕೂ ಮಗುವಿನ ಕೈಗೆ ಫೋನ್ ಬಂದಿದೆ ಎಂಬುದಕ್ಕೂ ಇರುವ ಅಂತರವನ್ನು ನೇಕಾರರ ಓಣಿಯಲ್ಲಿ ಯಾರು ಬೇಕಾದರೂ ವಿವರಿಸಬಲ್ಲರು.

ಅದೇ 2020ರಲ್ಲಿ ಆಫ್ರಿಕದ ಬೋಟ್ಸ್‌ವಾನಾ ದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಕುಟುಂಬಗಳಿಗೆ ಪ್ರತಿ ವಾರ ಗಣಿತದ ಲೆಕ್ಕವನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸಲಾಯಿತು. ಇನ್ನು ಕೆಲವರಿಗೆ ಎಸ್ಸೆಮ್ಮೆಸ್ ಜೊತೆಗೆ ಶಿಕ್ಷಕರ ಕರೆಯೂ ಬರುತ್ತಿತ್ತು. ಸಾಮಾನ್ಯ ಫೋನಿನಲ್ಲಿ ಸುಮಾರು ಇಪ್ಪತ್ತು ನಿಮಿಷಗಳ ಮಾತುಕತೆ, ಅಷ್ಟೇ. ಕರೆ ಬಂದ ಮನೆಗಳ ಮಕ್ಕಳ ಲೆಕ್ಕ ಸುಧಾರಿಸಿತು, ಬರಿಯ ಎಸ್ಸೆಮ್ಮೆಸ್ ಪಡೆದವರಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ಇದರ ಮುಂದಿನ ಪರೀಕ್ಷೆ ನಡೆಯಿತು. ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆ 3ರಿಂದ 5ನೇ ತರಗತಿಯ ಮಕ್ಕಳಿಗೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕಗಳನ್ನು ದೂರವಾಣಿಯಲ್ಲಿ ಕಲಿಸುವ 'ಗಣಿತ ಗಣಕ' ಕಾರ್ಯಕ್ರಮವನ್ನು ಕೈಗೊಂಡಿರುವುದು ಇದೇ ಹಾದಿಯಲ್ಲಿ. ಇಂಟರ್‌ನೆಟ್ ಬೇಡ, ದೊಡ್ಡ ಪರದೆ ಬೇಡ. ಮಗುವಿನ ಹೆಸರು ಹಿಡಿದು ಕೇಳುವ ಶಿಕ್ಷಕರ ದನಿ ಬೇಕು.

ಪಠ್ಯಪುಸ್ತಕದಲ್ಲಿರುವ ಚೌಕ

ಹಾಗಾದರೆ ಆನ್‌ಲೈನ್ ಸಾಧನಗಳಿಂದ ಪ್ರಾಥಮಿಕ ಶಾಲೆಗೆ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಆದರೆ ಅದನ್ನು ಮೊದಲು ಬಳಸಬೇಕಾದವರು ಶಿಕ್ಷಕರು.

2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ 'ದೀಕ್ಷಾ' ವೇದಿಕೆ ಆರಂಭವಾಯಿತು. ಕರ್ನಾಟಕದ ಪಠ್ಯಪುಸ್ತಕಗಳ ಪಾಠಗಳಲ್ಲಿ ಕಾಣುವ ಕಪ್ಪುಬಿಳುಪಿನ ಕ್ಯೂ.ಆರ್. ಚೌಕಗಳು ಈ ವೇದಿಕೆಗೆ ದಾರಿ ತೋರುತ್ತವೆ. ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಚಿತ್ರ ಅಥವಾ ಅಭ್ಯಾಸ ತೆರೆದುಕೊಳ್ಳುತ್ತದೆ. ಇವುಗಳನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ಇಂಟರ್‌ನೆಟ್ ಇಲ್ಲದೆಯೂ ತೋರಿಸಬಹುದು. ಶಿಕ್ಷಕರು ಹಿಂದಿನ ರಾತ್ರಿ ಮನೆಯಲ್ಲಿಯೇ ಇಳಿಸಿಕೊಂಡು ಬಂದರೆ ಮರುದಿನ ಸಿಗ್ನಲ್ ಹುಡುಕುತ್ತ ಅಂಗಳದಲ್ಲಿ ನಿಲ್ಲಬೇಕಾಗುವುದಿಲ್ಲ.

2015ರಲ್ಲಿ ಪ್ರಥಮ್ ಬುಕ್ಸ್ ಆರಂಭಿಸಿದ 'ಸ್ಟೋರಿವೀವರ್' ಇನ್ನೊಂದು ಉಪಯುಕ್ತ ತಾಣ. ಇಲ್ಲಿನ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಕನ್ನಡದ ಕಥೆಗಳನ್ನು ಓದಬಹುದು, ಮುದ್ರಿಸಿ ಹಂಚಬಹುದು, ತಮ್ಮ ಊರಿನ ಮಾತಿಗೆ ತಕ್ಕಂತೆ ಬದಲಿಸಿ ಹೊಸ ಆವೃತ್ತಿಯನ್ನೂ ಮಾಡಬಹುದು.

ಈ ಕೊನೆಯ ಸೌಲಭ್ಯ ಬನಹಟ್ಟಿಯಂಥ ಊರಿಗೆ ಬಹು ಮುಖ್ಯ. ಬೆಂಗಳೂರಿನಲ್ಲಿ ತಯಾರಾದ ವಿಡಿಯೋ 'ಈರುಳ್ಳಿ' ಎನ್ನುತ್ತದೆ, ಮಗುವಿನ ಮನೆಯಲ್ಲಿ ಅದು 'ಉಳ್ಳಾಗಡ್ಡಿ'. ವಿಡಿಯೋದ 'ಕಡಲೆಕಾಯಿ' ಇಲ್ಲಿ 'ಶೇಂಗಾ', ಅಲ್ಲಿನ 'ಮಾಡುತ್ತಿದ್ದಾನೆ' ಇಲ್ಲಿ 'ಮಾಡಾಕತ್ತಾನ'. ದೊಡ್ಡವರಿಗೆ ಇದು ಸಣ್ಣ ವ್ಯತ್ಯಾಸ. ಆದರೆ ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಆರು ವರ್ಷದ ಮಗುವಿಗೆ ಗೊತ್ತಿರುವ ಪದಾರ್ಥವೇ ಅಪರಿಚಿತವಾಗುತ್ತದೆ. ಊರಿನ ಮಾತನ್ನು ಬಲ್ಲ ಶಿಕ್ಷಕರು ವಿಡಿಯೋ ನಿಲ್ಲಿಸಿ ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದರೆ ಮಗು ಗ್ರಂಥದ ಕನ್ನಡವನ್ನೂ ಕಲಿಯುತ್ತದೆ, ತನ್ನ ಮಾತು ತಪ್ಪಲ್ಲ ಎಂಬುದನ್ನೂ ತಿಳಿಯುತ್ತದೆ.

ಶಿಕ್ಷಕರ ಫೋನೊಂದೇ ಇದ್ದರೂ ಮಾಡಬಹುದಾದ ಕೆಲಸಗಳು ಹಲವು. ಪ್ರತಿ ಮಗು ಒಂದು ನಿಮಿಷ ಓದುವುದನ್ನು ಧ್ವನಿಮುದ್ರಿಸಿ ಎರಡು ತಿಂಗಳ ಬಳಿಕ ಮತ್ತೆ ಮುದ್ರಿಸಿದರೆ ಪ್ರಗತಿ ಕಿವಿಗೇ ಕೇಳಿಸುತ್ತದೆ. ಅದನ್ನು ತಾಯಿಗೆ ಕೇಳಿಸಿದರೆ, ತಾನು ಓದಲು ಬಾರದವಳಾದರೂ ಮಗಳು ಓದುತ್ತಿರುವುದು ಆಕೆಗೆ ತಿಳಿಯುತ್ತದೆ. ಎಲೆಯ ನರ, ಇರುವೆಯ ಕಾಲುಗಳನ್ನು ಕ್ಯಾಮೆರಾದಲ್ಲಿ ದೊಡ್ಡದಾಗಿ ತೋರಿಸಬಹುದು. ಅಜ್ಜ ಅಜ್ಜಿಯರಿಂದ ಒಗಟು, ಬೀಸುವ ಪದಗಳನ್ನು ಮುದ್ರಿಸಿ ತಂದು ತರಗತಿಯಲ್ಲಿ ಬರೆಸಬಹುದು.

ಮಗ್ಗದಲ್ಲಿಯೇ ಕಂಪ್ಯೂಟರ್

ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿಸಲು ನೇಕಾರರ ಊರಿಗಿಂತ ಯೋಗ್ಯವಾದ ಸ್ಥಳ ಮತ್ತೊಂದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ರೂಪಿಸಿದ ಸಾಧನದಲ್ಲಿ ರಂಧ್ರವಿರುವ ರಟ್ಟಿನ ಕಾರ್ಡುಗಳ ಸಾಲು ಇರುತ್ತದೆ. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಹಾಗೆಯೇ ಉಳಿಯುತ್ತದೆ. ಲಾಳಿ ನಡುವೆ ಹಾದುಹೋದಂತೆ ವಿನ್ಯಾಸ ಮೂಡುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣಕಯಂತ್ರದ ಯೋಜನೆಗೆ ಈ ಕಾರ್ಡುಗಳನ್ನೇ ಎರವಲು ಪಡೆದ. ರಂಧ್ರ ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಇಂದಿನ ಮೊಬೈಲ್ ನಿಂತಿರುವುದೂ ಇದರ ಮೇಲೆಯೇ.

ನಾಲ್ಕನೇ ತರಗತಿಯಲ್ಲಿ ಇದನ್ನು ಚೌಕುಳಿ ಹಾಳೆಯಿಂದ ಕಲಿಸಬಹುದು. ಒಂದು ಮಗು ಸೀರೆಯ ದಡಿಯ ವಿನ್ಯಾಸವನ್ನು ಚೌಕಗಳಲ್ಲಿ ತುಂಬುತ್ತದೆ. ಬಳಿಕ ಪ್ರತಿ ಸಾಲನ್ನು 'ತುಂಬು, ತುಂಬು, ಬಿಡು, ತುಂಬು' ಎಂದು ಓದುತ್ತದೆ. ಬೆನ್ನು ಹಾಕಿ ಕುಳಿತ ಗೆಳತಿ ಕೇಳಿಕೊಂಡು ತನ್ನ ಹಾಳೆಯಲ್ಲಿ ಬಿಡಿಸುತ್ತಾಳೆ. ಎರಡೂ ಚಿತ್ರ ಒಂದೇ ಆಗದಿದ್ದರೆ ಯಾವ ಸಾಲಿನಲ್ಲಿ ತಪ್ಪಾಯಿತೆಂದು ಇಬ್ಬರೂ ಹುಡುಕಬೇಕು. ಪ್ರೋಗ್ರಾಮ್ ಬರೆಯುವುದು ಮತ್ತು ತಪ್ಪು ತಿದ್ದುವುದು ಎಂದರೆ ಇಷ್ಟೇ. ಇದರಿಂದ ಇನ್ನೂ ಒಂದು ಲಾಭವಿದೆ. ಮನೆಯ ಕಸುಬು ಶಾಲೆಯ ವಿದ್ಯೆಗೆ ಹೊರತಾದುದು ಎಂಬ ಕೀಳರಿಮೆ ಮಗುವಿನಲ್ಲಿ ಬೆಳೆಯುವುದಿಲ್ಲ. ತಂದೆಯನ್ನೋ ಅಜ್ಜನನ್ನೋ ಒಂದು ದಿನ ತರಗತಿಗೆ ಕರೆದು ವಿನ್ಯಾಸ ಹೇಗೆ ಮೂಡುತ್ತದೆಂದು ಹೇಳಿಸಿದರೆ ಅವರೂ ಗುರುಗಳೇ.

ಎಚ್ಚರವೂ ಬೇಕು

ಮಕ್ಕಳ ಫೋಟೋ, ಹೆಸರು, ಅಂಕಗಳನ್ನು ವಾಟ್ಸಪ್ ಗುಂಪುಗಳಿಗೆ ಹಾಕುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿದೆ. ಮೇಲೆ ಹೇಳಿದ ಧ್ವನಿಮುದ್ರಣವೂ ಶಿಕ್ಷಕರು ಮತ್ತು ಆ ಮಗುವಿನ ಪೋಷಕರ ನಡುವೆಯೇ ಇರಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಆಪ್ ಉಚಿತವೆಂದರೆ ಅದು ಪಡೆಯುವ ಬೆಲೆ ಮಗುವಿನ ಮಾಹಿತಿಯೇ ಆಗಿರಬಹುದು ಎಂಬುದನ್ನು ಶಾಲೆಗಳು ಮರೆಯಬಾರದು.

ಯುನೆಸ್ಕೋ 2023ರ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ತಂತ್ರಜ್ಞಾನಕ್ಕೆಂದೇ ಮೀಸಲಿಟ್ಟು, ಈ ಸಾಧನ ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನು ಶೀರ್ಷಿಕೆಯಲ್ಲಿಯೇ ಕೇಳಿತು. ಬನಹಟ್ಟಿಯ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ. ದಾನಿಗಳು ಸ್ಮಾರ್ಟ್ ಟಿ.ವಿ. ಕೊಡಲು ಮುಂದೆ ಬಂದಾಗ ಬೇಡವೆನ್ನಬೇಕಾಗಿಲ್ಲ. ಆದರೆ ಮೂರನೆಯ ವರ್ಷ ಅದನ್ನು ದುರಸ್ತಿ ಮಾಡಿಸುವವರು ಯಾರು, ಯಾವ ತರಗತಿಯ ಯಾವ ಪಾಠಕ್ಕೆ ಅದು ಬೇಕು, ಕರೆಂಟ್ ಹೋದ ದಿನ ಪಾಠ ಹೇಗೆ ನಡೆಯುತ್ತದೆ, ಮನೆಯಲ್ಲಿ ಫೋನ್ ಸಿಗದ ಮಗು ಹಿಂದೆ ಬೀಳದಂತೆ ಏನು ಏರ್ಪಾಡು ಎಂಬ ನಾಲ್ಕು ಮಾತುಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಸ್ವೀಕರಿಸುವುದು ಲೇಸು. 1975ರ ಬಲೆಯ ಆಂಟೆನಾದಿಂದ ಇಂದಿನ ಕ್ಯೂ.ಆರ್. ಚೌಕದವರೆಗೆ ಯಾವ ಯೋಜನೆ ನಿಂತುಹೋದರೂ ಈ ನಾಲ್ಕರಲ್ಲಿ ಒಂದಕ್ಕಾದರೂ ಉತ್ತರ ಸಿಕ್ಕಿರಲಿಲ್ಲ ಎಂಬುದು ಕಾಣುತ್ತದೆ. ಆ ಉತ್ತರಗಳು ಸಿದ್ಧವಿದ್ದ ಶಾಲೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಕೂಡ ಮಕ್ಕಳಿಗೆ ಕಲಿಸೀತು.